ಮದ್ದಿನಮನೆಗೆ ದೀಪ ಬೇಡ

ಕನ್ನಡದಲ್ಲಿ ಮದ್ದು ಅಂದರೆ ಮೂರು. ಕಾಯಿಲೆ ವಾಸಿಮಾಡುವುದೂ ಮದ್ದು, ಆಗದವರು ಊಟದಲ್ಲಿ ಕಲಸಿ ಹಾಕುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಯಾವುದು ಎಲ್ಲಿ ಎಂದು ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ನನ್ನ ಗಂಡ ವೀರೇಂದ್ರ ಆಯುರ್ವೇದದ ಡಾಕ್ಟರು, ಅವರಿಗೆ ಗೊತ್ತಿರುವುದು ಒಂದೇ ಸಂದರ್ಭ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಿಂದ ಒಳಗೆ, ದಂಡಿನ ದಿಣ್ಣೆಯಲ್ಲಿ, ಮದ್ದಿನಮನೆ ಎಂಬ ಹಳೇ ಕಟ್ಟಡ ಕಂಡ ದಿನವೇ ಅದು ಬ್ರಿಟಿಷ್ ಪಲ್ಟನ್ನಿನ ಆಸ್ಪತ್ರೆ ಎಂದು ತೀರ್ಮಾನ ಮಾಡಿಬಿಟ್ಟರು. ಗುತ್ತಿಗೆಗೆ ಹಿಡಿದರು, ಸುಣ್ಣ ಹೊಡೆಸಿದರು, 'ಮದ್ದಿನಮನೆ ಆಯುರ್ವೇದ ಧಾಮ' ಎಂದು ಬೋರ್ಡು ಬರೆಸಿದರು. ಆಶ್ವೀಜದ ಒಂದು ಭಾನುವಾರ ಉದ್ಘಾಟನೆ ಗೊತ್ತಾಯಿತು. ಒಳಕೋಣೆಯಲ್ಲಿ ಮೊದಲ ದೀಪ ಹಚ್ಚುವವಳು ನಮ್ಮ ಮಗಳು ಅಮೂಲ್ಯ. ಅವಳಿಗೆ ಒಂಬತ್ತು ವರ್ಷ.

ಆ ದೀಪ ಹತ್ತಬಾರದು ಎಂದು ನನಗೆ ತಿಳಿದದ್ದು ಶುಕ್ರವಾರ ಮಧ್ಯಾಹ್ನ.

ನನ್ನ ಹೆಸರು ಸ್ಫೂರ್ತಿ. ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು, ಬಿದ್ದ ಗೋಡೆ ಯಾಕೆ ಬಿತ್ತು ಎಂದು ಹೇಳುವುದು ನನ್ನ ಕೆಲಸ. ಬಾಯಿ ಜೋರು ಎಂದು ಹೆಸರಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದೆ, ಅಲ್ಲಿ ಬಾಯಿ ಮೆತ್ತಗಿದ್ದವರಿಗೆ ನಲ್ಲಿ ನೀರು ಸಿಗುತ್ತಿರಲಿಲ್ಲ. ಮದುವೆಯಾಗಿ ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಗೆ ಬಂದ ಮೇಲೂ ಆ ಗುಣ ಹೋಗಲಿಲ್ಲ. ವೀರೇಂದ್ರ ಮಾತ್ರ ನನ್ನ ಕೆಲಸಕ್ಕೆ ಎಂದೂ ಅಡ್ಡ ಬಂದವರಲ್ಲ. ಈ ಸಲ ಅವರೇ, "ಗೋಡೆ ಮೇಲೆ ಹಾಕಕ್ಕೆ ದಿಣ್ಣೆ ಇತಿಹಾಸ ಒಂದು ಪುಟ ಬರ್ಕೊಡು ಮಾರಾಯ್ತಿ" ಎಂದು ಕೇಳಿದ್ದರು. ಬರೆದುಕೊಟ್ಟಿದ್ದೆ.

ಆ ಪುಟದಲ್ಲಿದ್ದದ್ದು ಇಷ್ಟು. ನಗರ ಸೀಮೆಯ ರೈತರ ದಂಗೆ ಅಡಗಿದ ಮೇಲೆ ಕುಂಪಣಿಯವರು ಮದ್ರಾಸಿನ ಕಾಲಾಳು ಪಡೆಯ ಒಂದು ತುಕಡಿಯನ್ನು ಈ ದಿಣ್ಣೆಯ ಮೇಲೆ ಕೂರಿಸಿದರಂತೆ. ಸಿಪಾಯಿಗಳು ತಮಿಳರು, ತೆಲುಗರು. ಮೇಲಿನವರು ಬಿಳಿಯರು. ಗಾಳಿ ಬರುವ ಪಡುವಣ ತುದಿಯಲ್ಲಿ ಬಿಳಿಯರ ಬಂಗಲೆ, ಎತ್ತರದ ಜಗಲಿ, ತಬ್ಬಿದರೆ ಕೈಗೆ ಸಿಗದ ಗುಂಡು ಕಂಬಗಳು. ಈಗ ಅದರಲ್ಲಿ ಅಡಿಕೆ ಮೂಟೆ ತುಂಬಿದ್ದಾರೆ. ಕೆಳಗೆ ಗಾಳಿಯಿಲ್ಲದ ಕಡೆ ಸಿಪಾಯಿಗಳ ಲೈನುಗಳು. ಅಡಿಪಾಯ ಮಾತ್ರ ಉಳಿದಿದೆ, ಅದರ ಮೇಲೆ ಮನೆ ಕಟ್ಟಿಕೊಂಡವರನ್ನು ಇಂದಿಗೂ ಲೈನ್ ಕೇರಿಯವರು ಎನ್ನುತ್ತಾರೆ. ನಡುವೆ ಕವಾಯತು ಬೈಲು, ಈಗ ಕ್ರಿಕೆಟ್ ಬೈಲು. ಫಿರಂಗಿಗೆ ತೋಪು ಎಂದೂ ಹೆಸರು, ಅದನ್ನು ನಿಲ್ಲಿಸುತ್ತಿದ್ದ ಜಾಗಕ್ಕೂ ಅದೇ ಹೆಸರು. ತೋಪೆಂದರೆ ಮರದ ತೋಪು ಎಂದುಕೊಂಡ ಯಾರೋ ಪುಣ್ಯಾತ್ಮರು ಅಲ್ಲಿ ಮಾವಿನ ಸಸಿ ನೆಟ್ಟು ಫಲಕ ಹಾಕಿದ್ದಾರೆ. ಗಚ್ಚಿನ ನೆಲ, ಒಂದು ಸಸಿಯೂ ಬದುಕಲಿಲ್ಲ. ಇಲ್ಲಿಯ ಹೆಸರು ನಂಬಿದರೆ ಹೀಗೇ ಎಂದು ಅದನ್ನು ನೋಡಿ ನಕ್ಕಿದ್ದೆ.

ಮದ್ದಿನಮನೆ ಇವೆಲ್ಲದರಿಂದ ದೂರ, ತಗ್ಗಿನಲ್ಲಿ, ಆಳೆತ್ತರದ ಸುತ್ತುಗೋಡೆಯ ಒಳಗಿದೆ. ಆಸ್ಪತ್ರೆಯನ್ನು ಅಷ್ಟು ದೂರ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಆಗ ನನಗೆ ಬರಲಿಲ್ಲ. ಅಂಟುರೋಗದವರನ್ನು ಇಡುತ್ತಿದ್ದರೇನೋ ಎಂದು ವೀರೇಂದ್ರ ಹೇಳಿದರು, ನಾನು ಒಪ್ಪಿಕೊಂಡೆ.

ಅಲ್ಲೊಂದು ದೇವರೂ ಇತ್ತು. ಒಳಕೋಣೆಯ ಮೂಲೆಯ ಒಂದು ಕಲ್ಲು, ಮದ್ದಮ್ಮ. ಅವಳನ್ನು ನೋಡಿಕೊಳ್ಳುತ್ತಿದ್ದವಳು ಲೈನ್ ಕೇರಿಯ ನಂಜಮ್ಮ, ಅರವತ್ತು ದಾಟಿದ, ಚುರುಕು ನಾಲಿಗೆಯ ಹೆಂಗಸು. ಕಜ್ಜಿ ತುರಿಕೆಯವರು, ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆಂದು ಹೊಟ್ಟೆ ಹಿಡಿದುಕೊಂಡು ಬರುವವರು, ಎಲ್ಲರಿಗೂ ಅವಳು ನೆಲದ ಸಂದಿನಿಂದ ಕೆರೆದ ಒಂದು ಚಿಟಿಕೆ ಕರಿ ಪುಡಿ ಕೊಡುತ್ತಿದ್ದಳು. ಕಜ್ಜಿಯಂತೂ ನಿಜವಾಗಿಯೂ ವಾಸಿಯಾಗುತ್ತಿತ್ತು. ವೀರೇಂದ್ರ ಮೂಸಿ ನೋಡಿ ಗಂಧಕ ಎಂದು ಹಿಗ್ಗಿದರು. ಆಸ್ಪತ್ರೆ ಎನ್ನುವುದಕ್ಕೆ ಅವರಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ಮದ್ದಮ್ಮನ ಮಡಿಯೂ ವಿಚಿತ್ರವಾಗಿತ್ತು. ಚಪ್ಪಲಿಯನ್ನು ಸುತ್ತುಗೋಡೆಯ ಆಚೆಯೇ ಬಿಡಬೇಕು. ಕಬ್ಬಿಣ ಒಳಗೆ ಬರಬಾರದು, ಬೀಗದ ಕೈ ಗೊಂಚಲೂ ಸೀರೆಯ ಪಿನ್ನೂ ಹೊರಗೇ. ಎಲ್ಲ ದೇವರಿಗೂ ದೀಪ ಬೇಕು, ಇವಳಿಗೆ ದೀಪವೂ ಬೇಡ, ಊದುಬತ್ತಿಯೂ ಬೇಡ. "ಅಮ್ಮಂಗೆ ಬೆಂಕಿ ಅಂದ್ರೆ ಆಗಲ್ಲ. ನಮ್ಮತ್ತೆ ಹೇಳಿದ್ರು, ಅವರತ್ತೆ ಅವರಿಗೆ ಹೇಳಿದ್ರು" ಎನ್ನುತ್ತಿದ್ದಳು ನಂಜಮ್ಮ. ವೀರೇಂದ್ರ ಇದನ್ನೆಲ್ಲ ಮೂಢನಂಬಿಕೆ ಎಂದು ಕರೆದು, ಕಲ್ಲನ್ನು ಹೊರಗಿನ ಕಾಂಪೌಂಡಿನ ಮೂಲೆಗೆ ಸಾಗಿಸಿದರು. ಅವತ್ತು ನಾನೂ ಅವರ ಪಕ್ಷವೇ.

ಶುಕ್ರವಾರ, ಬಾಗಿಲ ಪಕ್ಕ ತೂಗುಹಾಕಲು ಒಂದು ನಕ್ಷೆ ಬರೆದುಕೊಡೋಣವೆಂದು ಟೇಪು ಹಿಡಿದು ಹೋದೆ. ಹೊರಗೋಡೆಯ ದಪ್ಪ ಅಳೆದೆ. ಅದರ ಒಳಗೆ ಓಡಾಡುವಷ್ಟು ಸಂದು ಬಿಟ್ಟು ಇನ್ನೊಂದು ಗೋಡೆ, ಅದೂ ಅಷ್ಟೇ ದಪ್ಪ. ಕಿಟಕಿ ಒಂದೂ ಇಲ್ಲ. ಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗಳಿದ್ದವು. ಒಂದಕ್ಕೆ ಕೈ ಹಾಕಿದರೆ ಮೊಳದಷ್ಟು ನೇರ ಹೋಗಿ ಗೋಡೆ ತಾಗಿತು, ಅಲ್ಲಿಂದ ಪಕ್ಕಕ್ಕೆ ತಿರುಗಿ ಒಳಗೆ ಹೋಗಿತ್ತು. ಗಾಳಿ ಬರಬೇಕು, ಕಿಡಿ ಬರಬಾರದು ಎಂದು ಮಾಡಿದ ಕಿಂಡಿ ಅದು. ಬಾಗಿಲ ಕೀಲು ತಾಮ್ರದ್ದು, ಅಗುಳಿ ತಾಮ್ರದ್ದು, ಹಲಗೆಗೆ ಹೊಡೆದ ಮೊಳೆಗಳು ಮರದವು. ಕಬ್ಬಿಣದ ಊರಿನಲ್ಲಿ ಹುಟ್ಟಿದವಳು ನಾನು. ಇಡೀ ಕಟ್ಟಡದಲ್ಲಿ ಒಂದು ಚೂರು ಕಬ್ಬಿಣ ಇಲ್ಲದ್ದು ಆಗ ಕಣ್ಣಿಗೆ ಬಿತ್ತು. ಗೋಡೆ ಇಷ್ಟು ದಪ್ಪ, ಚಾವಣಿ ಮಾತ್ರ ತೆಳು. ಒಳಗೆ ಏನಾದರೂ ಆದರೆ ಮೇಲಕ್ಕೆ ಹೋಗಲಿ, ಪಕ್ಕಕ್ಕೆ ಬೇಡ ಎಂಬ ಲೆಕ್ಕ. ರೋಗಿಗಳನ್ನು ಮಲಗಿಸುವ ಮನೆಗೆ ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ.

ಒಳಕೋಣೆಯ ನೆಲ ತೇಗದ ಹಲಗೆಯದು. ಸುಣ್ಣ ಹೊಡೆಯುವವರು ಕಾಲಿಟ್ಟು ಸಡಿಲವಾಗಿದ್ದ ಒಂದು ಹಲಗೆಯನ್ನು ಎತ್ತಿದೆ. ಕೆಳಗೆ ಒಡೆದ ಪೀಪಾಯಿಗಳು, ಅವುಗಳ ಸುತ್ತಿನ ಪಟ್ಟಿಗಳು ಹಸಿರುಗಟ್ಟಿದ ತಾಮ್ರ, ನಡುವೆ ಅಂಚಿನ ತನಕ ಕರಿ ಪುಡಿ. ಮುಟ್ಟಿದರೆ ಸಣ್ಣ ರವೆಯ ಹಾಗೆ ಉದುರಿತು. ಪಲ್ಟನ್ನಿನವರು ಯಾಕೆ ಬಿಟ್ಟು ಹೋದರೋ ನನಗೆ ಗೊತ್ತಿಲ್ಲ. ಕೆಟ್ಟ ಮಾಲೆಂದು ಕೆಳಗೆ ತಳ್ಳಿ ಹಲಗೆ ಮುಚ್ಚಿದ್ದಿರಬಹುದು. ಸಿಪಾಯಿಯ ಬೂಟಿನ ಮೊಳೆ ಕಲ್ಲಿಗೆ ತಾಗಿ ಕಿಡಿ ಹಾರಬಾರದು, ಯಾರೂ ದೀಪ ತರಬಾರದು ಎಂದು ಯಾವನೋ ಸುಬೇದಾರ ಮಾಡಿದ ಕಾನೂನು, ಪಲ್ಟನ್ ಹೋದರೂ ಹೋಗದೆ, ದೇವಿಯ ಮಡಿಯಾಗಿ ಉಳಿದಿತ್ತು. ಕೆಲವು ವರ್ಷದ ಹಿಂದೆ ಕ್ವಾರಿಯ ಕಡೆ ಸಿಡಿಮದ್ದು ಸಿಡಿದು ಇಡೀ ಶಿವಮೊಗ್ಗ ನಡುಗಿದಾಗ, ಭೂಕಂಪವೆಂದು ಅಮೂಲ್ಯಳನ್ನು ಎತ್ತಿಕೊಂಡು ರಸ್ತೆಗೆ ಓಡಿದ್ದೆ. ಈಗ ಅದೇ ಮಗುವಿನ ಕೈಗೆ ನಾವೇ ಬೆಂಕಿ ಕೊಟ್ಟು ಇದರ ಮೇಲೆ ನಿಲ್ಲಿಸಲಿದ್ದೆವು.

ಒಂದು ಚಿಟಿಕೆ ಪುಡಿ ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಸಂಜೆ ವೀರೇಂದ್ರರನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ ಕಡ್ಡಿ ಗೀರಿದೆ. ಪುಡಿ ಭುಸ್ಸೆಂದು ಹಾರಿ ಬಿಳಿ ಹೊಗೆ ಎದ್ದಿತು.

"ನೋಡಿದ್ರಾ?" ಎಂದೆ.

"ನೋಡ್ದೆ. ಗಂಧಕ ಉರಿಯದೆ ಇರುತ್ತಾ ಮಾರಾಯ್ತಿ?"

"ಗಂಧಕ ನಿಧಾನಕ್ಕೆ ನೀಲಿಯಾಗಿ ಉರಿಯುತ್ತೆ. ಇದು ಹಾರ್ತು. ಇದು ಕೋವಿ ಮದ್ದು ಕಣ್ರೀ. ಆ ಹಲಗೆ ಕೆಳಗೆ ಗಾಡಿಗಟ್ಲೆ ಇದೆ."

"ಇದ್ರೂ ನೂರೈವತ್ತು ವರ್ಷಕ್ಕೂ ಹಳೇದು. ಹೋದ್ವರ್ಷದ ಪಟಾಕಿನೇ ಈ ವರ್ಷ ಹೊತ್ತಲ್ಲ."

"ಈಗ ಹೊತ್ತಿದ್ದು ಏನು?"

ಅವರು ಕಲ್ಲಿನ ಮೇಲಿನ ಕಪ್ಪು ಕಲೆಗೆ ಒಂದು ಚೊಂಬು ನೀರು ಸುರಿದರು. ಆಮೇಲೆ, "ಊರಿಗೆಲ್ಲ ಹೇಳಾಗಿದೆ, ಅಡಿಗೆಯೋರಿಗೆ ಹೇಳಾಗಿದೆ. ನಂಜಮ್ಮಂಗೆ ಅಮ್ಮನ ಹುಚ್ಚು, ನಿಂಗೆ ಮದ್ದಿನ ಹುಚ್ಚು. ಒಂದು ಸಣ್ಣ ದೀಪ ಸ್ಫೂರ್ತಿ, ಒಂದು ಗಳಿಗೆ ಹಚ್ಚಿ ಆರಿಸ್ತೀವಿ" ಎಂದು ಒಳಗೆ ಹೋದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಮ್ಮ ಸಂಸಾರದಲ್ಲಿ ಯಾರು ಎತ್ತು, ಯಾರು ಕೋಣ ಎಂಬ ವಾದ ಹಳೆಯದು, ಅವತ್ತು ಮಾತ್ರ ನನಗೆ ನಗು ಬರಲಿಲ್ಲ.

ಶನಿವಾರ ರಜೆ. ಸಂಬಂಧಪಟ್ಟ ಕಚೇರಿಗಳಿಗೆಲ್ಲ ಫೋನು ಮಾಡಿದೆ. ಕೊನೆಗೂ ಒಬ್ಬರು ಎತ್ತಿದರು. ಮದ್ದಿನಮನೆಯಲ್ಲಿ ಮದ್ದು ಸಿಕ್ಕಿದೆ ಎಂದೆ. "ಮದ್ದು ಅಂದ್ರೆ ಔಷಧಿ ತಾನೇ ಮೇಡಂ?" ಎಂದರು. ನಾನು ಬಿಡಿಸಿ ಹೇಳಿದ ಮೇಲೆ, ಸೋಮವಾರ ಯಾರನ್ನಾದರೂ ಕಳಿಸುವುದಾಗಿ ಹೇಳಿ ಇಟ್ಟರು.

ಭಾನುವಾರ ಅಮೂಲ್ಯಳನ್ನು ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಮಗಳು ಕಾರಿನಲ್ಲಿ ಹೋಗಿಯಾಗಿತ್ತು. ಆಟೋ ಹಿಡಿದು ಹೋದೆ. ಮದ್ದಿನಮನೆಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಬ್ಬಿಣದ ಕುರ್ಚಿಗಳನ್ನು ಕಲ್ಲಿನ ಮೇಲೆ ಎಳೆದಾಡುತ್ತಿದ್ದರು, ಕಿಡಿ ಹಾರಲು ಅಷ್ಟೇ ಸಾಕಿತ್ತು. ಒಳಕೋಣೆಯ ಹಲಗೆಗಳ ಮೇಲೆ ಹಿತ್ತಾಳೆಯ ದೀಪದ ಕಂಬ, ತುಂಬಿ ಸೋರುವಷ್ಟು ಎಣ್ಣೆ. ರೇಷ್ಮೆ ಲಂಗದ ಅಮೂಲ್ಯ ಮೇಣದ ಬತ್ತಿ ಹಿಡಿದು ನಿಂತಿದ್ದಳು. ಬೆಂಕಿಪೊಟ್ಟಣ ಮುಖ್ಯ ಅತಿಥಿ ರಾಮಚಂದ್ರಪ್ಪನವರ ಕೈಯಲ್ಲಿತ್ತು. ಅವರು ಅಡಿಕೆ ಮಂಡಿಯ ಯಜಮಾನರು, ಆ ಭಾಗದಲ್ಲಿ ಅವರ ಮಾತು ಮೀರುವವರಿಲ್ಲ.

"ದೀಪ ಹಚ್ಬೇಡಿ. ನಿಮ್ಮ ಕಾಲ ಕೆಳಗೆ ಸಿಡಿಮದ್ದಿದೆ" ಎಂದೆ.

ಮೈಕಿನಲ್ಲಿ ಯಾರೋ ವಚನ ಹಾಡುತ್ತಿದ್ದರು. ಕೇಳಿಸಿಕೊಂಡ ನಾಲ್ಕು ಜನ ನಕ್ಕರು. "ಡಾಕ್ಟ್ರು ಮೊದಲೇ ಹೇಳಿದ್ರು ಮೇಡಮ್ಮೋರೆ, ನೀವು ಹೀಗಂತೀರ ಅಂತ. ಬನ್ನಿ, ನೀವೂ ಕೈ ಮುಟ್ಸಿ" ಎಂದರು ರಾಮಚಂದ್ರಪ್ಪ. ವೀರೇಂದ್ರ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ರಾಮಚಂದ್ರಪ್ಪ ಕಡ್ಡಿ ಗೀರಿದರು. ತೇವಕ್ಕೆ ಅದು ಹೊತ್ತಲಿಲ್ಲ. ಇನ್ನೊಂದು ತೆಗೆದರು.

ಭದ್ರಾವತಿಯಲ್ಲಿ ನಮ್ಮ ಪಕ್ಕದ ಲೈನು ಪೂರ್ತಿ ತಮಿಳರದು. ಅವರ ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಅಲ್ಲಿಯ ಪುಷ್ಪಮ್ಮನ ಮೈಮೇಲೆ ಮಾರಿಯಮ್ಮ ಬರುತ್ತಿದ್ದಳು. ಮರುದಿನ ಹಿತ್ತಲಲ್ಲಿ ನಾವು ಮಕ್ಕಳು ಅದನ್ನೇ ಆಟ ಆಡುತ್ತಿದ್ದೆವು, ಆ ಆಟದಲ್ಲಿ ನಾನು ಯಾವಾಗಲೂ ಪುಷ್ಪಮ್ಮ. ಅಷ್ಟೇ ನನ್ನ ಬಂಡವಾಳ. ಮೊಣಕೈ ಕೊಸರಿಕೊಂಡು ತುರುಬು ಬಿಚ್ಚಿದೆ. ತಲೆ ಗಿರ್ರನೆ ತಿರುಗಿಸಿ, ಪುಷ್ಪಮ್ಮ ಕೂಗುತ್ತಿದ್ದ ಹಾಗೆಯೇ ಹೊಟ್ಟೆಯಿಂದ ಕೂಗಿದೆ. "ವೆಳಕ್ಕು ವೇಂಡಾ. ನೆರುಪ್ಪು ವೇಂಡಾ. ವೆಳಿಯೆ ಪೋಂಗಡಾ." ದೀಪ ಬೇಡ, ಬೆಂಕಿ ಬೇಡ, ಆಚೆ ನಡೀರೋ. ತಮಿಳು ಮುಗಿದಾಗ ಕನ್ನಡ ತಾನಾಗಿ ಬಂತು. "ನನ್ನ ಮನೆಗೆ ಯಾರು ಕೈ ಹಾಕಿದ್ರೂ ಸುಟ್ಟು ಬೂದಿ ಮಾಡ್ತೀನಿ."

ಕುಣಿತ ನಟನೆಯಾಗಿತ್ತು, ಸಿಟ್ಟು ನಿಜವಾಗಿತ್ತು. ಮೈಕು ನಿಂತಿತು. ರಾಮಚಂದ್ರಪ್ಪನವರ ಕೈಯಿಂದ ಪೊಟ್ಟಣ ಬಿತ್ತು. ನಂಜಮ್ಮ ಎಲ್ಲಿದ್ದಳೋ, ಓಡಿ ಬಂದು ಅರಿಶಿನದ ನೀರು ಎರಚಿ ಕಾಲಿಗೆ ಬಿದ್ದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೋಡಿದರು. ಅಮೂಲ್ಯ ಮಾತ್ರ ಮೇಣದ ಬತ್ತಿ ಹಿಡಿದು ಗೋಡೆಗೆ ಅಂಟಿ ನಿಂತು ನನ್ನನ್ನೇ ನೋಡುತ್ತಿದ್ದಳು. ಎತ್ತಿಕೊಳ್ಳಲು ಹೋದೆ, ನಡುಗಿ ಹಿಂದೆ ಸರಿದಳು. ಇರಲಿ, ಬದುಕಿದ್ದಾಳಲ್ಲ ಎಂದುಕೊಂಡೆ.

ಸೋಮವಾರ ಪರಿಶೀಲನೆಗೆ ಅಧಿಕಾರಿಗಳು ಬಂದರು. ಸುತ್ತುಗೋಡೆಯ ಬಾಗಿಲಲ್ಲಿ ಲೈನ್ ಕೇರಿಯ ಹೆಂಗಸರು ಅಡ್ಡ ಮಲಗಿದ್ದರು. ಕೈ ಹಾಕಿದರೆ ಸುಡುತ್ತೇನೆ ಎಂದು ಅಮ್ಮನೇ ಹೇಳಿದ್ದಾಳೆ, ಕೈ ಹಾಕಲು ಬಿಡುವುದಿಲ್ಲ ಎಂದರು. ಬಂದವರು, "ಜನ ಕರಗಲಿ ಮೇಡಂ, ಆಮೇಲೆ ತೆಗೆಸೋಣ" ಎಂದರು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಜನ ಕರಗಲಿಲ್ಲ, ಹೆಚ್ಚಿದರು. ಭದ್ರಾವತಿಯಿಂದ, ಗಾಜನೂರಿನಿಂದ, ಹೊಳಲೂರಿನಿಂದ ಟೆಂಪೋ ಮಾಡಿಕೊಂಡು ಬರತೊಡಗಿದರು. ಮದ್ದಮ್ಮನ ಕಲ್ಲು ತನ್ನ ಮೂಲೆಗೆ ಮರಳಿತು. ಆಯುರ್ವೇದ ಧಾಮದ ಬೋರ್ಡು ಇಳಿದು, ರಾಮಚಂದ್ರಪ್ಪನವರು ಅಧ್ಯಕ್ಷರಾದ ಮದ್ದಮ್ಮ ಸೇವಾ ಸಮಿತಿಯ ಬೋರ್ಡು ಏರಿತು. ಕಾರ್ತಿಕ ಬರುತ್ತಿದ್ದ ಹಾಗೆ ದಾರಿಯುದ್ದಕ್ಕೂ ಫ್ಲೆಕ್ಸು ಎದ್ದವು. 'ಶ್ರೀ ಮದ್ದಮ್ಮ ದೇವಿಯ ಪ್ರಥಮ ಲಕ್ಷದೀಪೋತ್ಸವ.' ನಡುವೆ ತಲೆಗೂದಲು ಕೆದರಿಕೊಂಡ ನನ್ನ ಫೋಟೋ.

ರಾಮಚಂದ್ರಪ್ಪನವರ ಮಂಡಿಗೆ ಹೋದೆ. ಅವರು ಗದ್ದುಗೆಯಿಂದ ಇಳಿದು ನಿಂತರು.

"ಅವತ್ತು ನಾನು ಮಾಡಿದ್ದು ನಾಟಕ. ನನ್ನ ಮೈಮೇಲೆ ಯಾರೂ ಬಂದಿರ್ಲಿಲ್ಲ" ಎಂದೆ.

"ಬಂದೋರಿಗೆ ಆಮೇಲೆ ಏನೂ ನೆನಪಿರಲ್ಲ ತಾಯಿ. ಅದು ಹಾಗೇನೇ."

"ಎಲ್ಲ ನೆನಪಿದೆ. ಆ ತಮಿಳು ನಮ್ಮ ಪಕ್ಕದ್ಮನೆ ಪುಷ್ಪಮ್ಮಂದು."

ಅವರು ಕೈ ಮುಗಿದರು. "ಇತಿಹಾಸ ನೀವೇ ಬರೆದಿದೀರಲ್ಲ. ಅಲ್ಲಿದ್ದೋರು ಮದ್ರಾಸು ಸಿಪಾಯಿಗಳು. ಅವರ ದೇವಿ ತಮಿಳಲ್ದೆ ಇನ್ಯಾವ ಮಾತಾಡ್ತಾಳೆ? ನಂಬದೆ ಇದ್ದೋರೂ ಅದನ್ನ ಓದಿ ನಂಬಿದ್ರು."

ನಾನು ಬರೆದ ಪುಟವನ್ನು ಸಮಿತಿಯವರು ದೊಡ್ಡದು ಮಾಡಿಸಿ ಸುತ್ತುಗೋಡೆಯ ಬಾಗಿಲಲ್ಲೇ 'ಕ್ಷೇತ್ರ ಮಹಿಮೆ' ಎಂದು ನಿಲ್ಲಿಸಿದ್ದರು. ಕೊನೆಗೆ ಕೇಳಿದೆ, "ದೀಪ ಬೇಡ ಅಂದಿದ್ದಾದ್ರೂ ನೆನಪಿದೆಯಾ?"

"ಒಳಗೆ ಬೇಡ ಅಂದ್ಲು. ನಾವು ಹೊರಗೆ ಹಚ್ತೀವಿ. ಗೋಡೆ ತುಂಬ ಗೂಡಿದಾವಲ್ಲ, ಹಿಂದಿನೋರು ದೀಪ ಇಡಕ್ಕೇ ಮಾಡಿರೋದು."

ಅವು ದೀಪದ ಗೂಡಲ್ಲ, ಒಳಕ್ಕೆ ಹೋಗುವ ಗಾಳಿಕಿಂಡಿ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

ಉಳಿದವಳು ನಂಜಮ್ಮ. ಅವಳ ಅತ್ತೆಯ ಅತ್ತೆಯ ಕಾಲದಿಂದ ಕಾದ ಮಡಿ. ಅವಳಾದರೂ ಬಿಡಲಾರಳು ಎಂದು ಹೋದರೆ, ಹೊಸ ಸೀರೆ ಉಟ್ಟು ಹಣತೆಗಳಿಗೆ ಬತ್ತಿ ಹಾಕುತ್ತಾ ಕುಳಿತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. "ಅಮ್ಮ ಕಣ್ಣಿಗೆ ಕಾಣ್ದೆ ಇದ್ದಾಗ ಹೆದರ್ಕೊಂಡು ಮಡಿ ಮಾಡ್ತಿದ್ವಿ ಕಣವ್ವ. ಈಗ ನಿನ್ನ ರೂಪದಲ್ಲಿ ನಮ್ಮ ನಡುವೆನೇ ಓಡಾಡ್ತಾಳೆ, ಇನ್ಯಾಕೆ ಭಯ?" ಎಂದಳು. ಎರಡು ಹಣತೆ ಒಡೆದು ಹಾಕಿ ಬಂದೆ. ಅಮ್ಮ ಮುನಿದಳು ಎಂದು ಅದಕ್ಕೂ ಕೈ ಮುಗಿದರು.

ಮನೆಯಲ್ಲಿ ಇನ್ನೊಂದು ಕೇಡು ಕಾದಿತ್ತು. ಮೊದಮೊದಲು ವೀರೇಂದ್ರ ನನ್ನೊಡನೆ ಮಾತು ಬಿಟ್ಟಿದ್ದರು. ನಾಟಕ ಎಂದು ಅವರಿಗೂ ಹೇಳಿದ್ದೆ, ಗೊತ್ತು ಎಂದಿದ್ದರು. ಆದರೆ ಅವತ್ತು ನನ್ನ ಕಣ್ಣು ನೋಡಿದವರು ಅವರು. ಬರಬರುತ್ತಾ ಮಾರಾಯ್ತಿ ಎನ್ನುವುದು ನಿಂತಿತು. ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, "ತಗೊಳ್ಳಿ" ಎಂದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ನನಗೆ ಅಳು ಬಂತು.

ದೀಪೋತ್ಸವದ ಸಂಜೆ. ಬೆಳಿಗ್ಗೆಯಿಂದ ಮತ್ತೆ ಫೋನು ಮಾಡಿ ಸಾಕಾಗಿತ್ತು. ಹಬ್ಬ ಮುಗಿಯಲಿ ಮೇಡಂ, ಬಂದೋಬಸ್ತಿಗೆ ಜನ ಹಾಕಿದ್ದೇವೆ ಎಂದರು. ಬುದ್ಧಿಯ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅವರು ಕೇಳುವುದು ಒಬ್ಬಳ ಮಾತು, ಅವಳೇ ಹೋಗಿ ಹೇಳಬೇಕು. ದೀಪ ಹಚ್ಚುವ ಮೊದಲು ಕುಣಿಯಬೇಕು. ಹೊರಗೂ ಬೇಡ, ಗೂಡಿನಲ್ಲೂ ಬೇಡ, ಅಧಿಕಾರಿಗಳು ಬಂದು ನೆಲ ಅಗೆಯಲಿ ಎಂದು ಈ ಸಲ ತಪ್ಪಿಲ್ಲದೆ ಹೇಳಬೇಕು. ಕನ್ನಡಿಯ ಮುಂದೆ ನಿಂತು ತಲೆಯ ಪಿನ್ನು ಒಂದೊಂದೇ ತೆಗೆಯುತ್ತಿದ್ದೆ. ಅಮೂಲ್ಯ ಬಾಗಿಲಿಗೆ ಬಂದಳು. ಆ ಭಾನುವಾರದ ನಂತರ ನನ್ನ ಹತ್ತಿರ ಮಲಗಿರಲಿಲ್ಲ ಅವಳು.

"ಅಮ್ಮ, ಇವತ್ತು ದಿಣ್ಣೆಗೆ ನೀನು ಬರ್ತೀಯಾ, ಅವಳು ಬರ್ತಾಳಾ?"

ಏನು ಹೇಳಿದರೆ ಮನೆಯಲ್ಲಿ ಉಳಿದಾಳು ಎಂದು ಯೋಚಿಸಿದೆ. ನನ್ನ ಮೈಮೇಲೆ ಬಂದ ಮದ್ದಮ್ಮನಿಗೆ ಅವಳು ಹೆದರುತ್ತಾಳೆ ಎಂದುಕೊಂಡಿದ್ದೆ.

"ಅವಳು ಬರ್ತಾಳೆ. ನೀನು ಇಲ್ಲೇ ಇರು."

ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಬಂದು ನನ್ನ ಕೈ ಹಿಡಿದಳು.

"ಹಾಗಾದ್ರೆ ನಾನೂ ಬರ್ತೀನಿ. ಅವಳಿದ್ರೆ ಯಾರಿಗೂ ಏನೂ ಆಗಲ್ವಂತೆ. ಮೊದಲ್ನೇ ದೀಪ ನಾನೇ ಇಡ್ಬೇಕು ಅಂತ ಅಪ್ಪ ಹೇಳಿದಾರೆ."

ಹೊರಗೆ ವೀರೇಂದ್ರ ಕಾರಿನ ಹಾರನ್ ಹೊಡೆದರು. ನಾನು ಗಟ್ಟಿಯಾಗಿ ಹಿಡಿಯುವ ಮೊದಲೇ ಅವಳು ಕೈ ಬಿಡಿಸಿಕೊಂಡು ಓಡಿದಳು.